ಪಾಲಿಗೆ ಹಚ್ಚಿದ ಕ್ಯಾಮೆರಾ

ಎಂಬತ್ತೇಳನೆಯ ಇಸವಿಯಲ್ಲಿ ಸದಲಗಾದ ಗಂಡಸರಿಗೆ ಏನಾಗಿತ್ತೋ ದೇವರೇ ಬಲ್ಲ. ಕಬ್ಬಿನ ದರ, ದೂಧಗಂಗೆಯ ನೀರು, ಗಡಿ ಯಾರದು ಎಂಬ ಹಳೆಯ ಜಗಳ, ಎಲ್ಲವನ್ನೂ ಬದಿಗಿಟ್ಟು, ರಾಜಾರಾಮನ ಹೊಟೇಲಿನಲ್ಲಿ ಕುಳಿತು ಜರ್ಮನಿಯ ಒಂದು ಕ್ಯಾಮೆರಾ ಕಂಪನಿಯನ್ನು ಯಾರು ಕೊಳ್ಳುತ್ತಾರೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಹಾಜಿರಾಬಿಯ ಗಂಡ ನಬಿಸಾಬನದು. ಹಾಜಿರಾಬಿಗೆ ಮೈ ಉರಿಯಲು ಅಷ್ಟೇ ಸಾಕಿತ್ತು.

ಈ ಹಾಜಿರಾಬಿ ರಾಯಬಾಗದಲ್ಲಿ ಗಾದಿ ಹೊಲಿಯುವವರ ಮನೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಸದಲಗಾಕ್ಕೆ ಬಂದಾಗ ನಬಿಸಾಬನಿಗೆ ಬಸ್ ಸ್ಟ್ಯಾಂಡಿನ ಬಳಿ ಒಂದು ಫೋಟೋ ಸ್ಟುಡಿಯೋ ಇತ್ತು. ಹಿಂದೆ ಬಣ್ಣದ ಪರದೆ, ಪರದೆಯ ಮೇಲೊಂದು ಕೆರೆ, ಕೆರೆಯಲ್ಲಿ ಎರಡು ಹಂಸ. ಗಂಡಸರು ಬಂದು ಹಂಸಗಳ ಮುಂದೆ ಎದೆ ಸೆಟೆಸಿ ನಿಲ್ಲುತ್ತಿದ್ದರು. ಹೆಂಗಸರು ಮಾತ್ರ ಬರುತ್ತಿರಲಿಲ್ಲ. ವರನ ಕಡೆಯವರು ಹುಡುಗಿಯ ಫೋಟೋ ಕೇಳುವ ಕಾಲ ಬಂದಿತ್ತು. ಆದರೆ ಬಸ್ ಸ್ಟ್ಯಾಂಡಿನಲ್ಲಿ, ನಾಲ್ಕು ಜನರ ಕಣ್ಣೆದುರು, ಪರಪುರುಷನ ಮುಂದೆ ಮಗಳನ್ನು ಕೂರಿಸಲು ಯಾವ ಮನೆಯವರೂ ಒಪ್ಪುತ್ತಿರಲಿಲ್ಲ.

ದಾರಿ ತೋರಿಸಿದವಳು ಸಾವಿತ್ರೆವ್ವ. ಬೆಲ್ಲದ ಅಡತಿ ವ್ಯಾಪಾರಿ ಶ್ರೀಪಾಲನ ತಾಯಿ. ಗಂಡ ಹೋದ ಮೇಲೆ ಗಾಣದ ಮನೆಯನ್ನು ತಾನೇ ನಿಂತು ನಡೆಸಿ ಮಗನನ್ನು ದೊಡ್ಡವನನ್ನಾಗಿ ಮಾಡಿದ ಹೆಣ್ಣುಮಗಳು. ಅವಳು ಒಂದು ದಿನ ಸ್ಟುಡಿಯೋದ ಬಾಗಿಲಲ್ಲೇ ನಿಂತು, “ನಬಿ, ನಿನ್ನ ಹೇಂತಿಗೆ ಕೈ ಇಲ್ಲೇನು? ಆಕಿಗೆ ಕಲಿಸು. ಆಕಿ ಮನಿಯೊಳಗ ಬಂದು ತಗೀಲಿ” ಎಂದಳು. ನಬಿಸಾಬ ನಕ್ಕ. ಹಾಜಿರಾಬಿ ನಗಲಿಲ್ಲ, ಕಲಿತಳು.

ಮೊದಮೊದಲು ಮನೆಯ ಹಳೆಯ ಕ್ಯಾಮೆರಾ ಒಯ್ದಳು. ಒಳಮನೆಗಳು ಕತ್ತಲೆ, ಫ್ಲ್ಯಾಶ್ ಹೊಡೆಯಲೇಬೇಕು. ಹೊಡೆದರೆ ಹುಡುಗಿ ಕಣ್ಣು ಮುಚ್ಚುತ್ತಿದ್ದಳು, ತೊಟ್ಟಿಲ ಕೂಸು ಕಿರುಚುತ್ತಿತ್ತು, ಏನಾಯಿತು ಏನಾಯಿತು ಎಂದು ಹೊರಗಿನ ಗಂಡಸರೆಲ್ಲ ಒಳಗೆ ನುಗ್ಗುತ್ತಿದ್ದರು. ಆಗ ಸಾವಿತ್ರೆವ್ವ ಮಗನಿಗೆ ಹೇಳಿ ಜರ್ಮನಿಯ ಕ್ಯಾಮೆರಾ ಕೊಡಿಸಿದಳು. ಹೆಲ್ಮರ್ ಎಂದು ಅದರ ಹೆಸರು. ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬ ಯಾವುದೋ ವ್ಯವಹಾರ ಚುಕ್ತಾ ಮಾಡುವಾಗ ಶ್ರೀಪಾಲನ ಕೈಗೆ ಹಾಕಿದ್ದ ಮಾಲು ಅದು. ಶ್ರೀಪಾಲನಿಗೆ ಅದರ ಗುಂಡಿ ಯಾವುದು ಕಣ್ಣು ಯಾವುದು ಗೊತ್ತಿರಲಿಲ್ಲ. ಆದರೂ ವ್ಯಾಪಾರಿ ವ್ಯಾಪಾರಿಯೇ. ಪುಕ್ಕಟೆ ಕೊಡಲಿಲ್ಲ, ಪಾಲಿಗೆ ಹಚ್ಚಿದ.

ಪಾಲಿಗೆ ಹಚ್ಚುವುದು ಎಂದರೆ ಈ ಭಾಗದಲ್ಲಿ ಎಮ್ಮೆಯ ವ್ಯವಹಾರ. ದುಡ್ಡಿದ್ದವನು ಕರು ಕೊಂಡು ಕೊಡುತ್ತಾನೆ, ಮೇವು ಮತ್ತು ರಟ್ಟೆ ಇದ್ದವನು ಸಾಕುತ್ತಾನೆ. ಎಮ್ಮೆ ಇಬ್ಬರಿಗೂ ಅರ್ಧರ್ಧ. ಮುಂದೆ ಪಾಲು ಮುರಿಯುವ ದಿನ ಬಂದರೆ ಕೊಟ್ಟವನು ಬೆಲೆ ಕಟ್ಟಬೇಕು, ಸಾಕಿದವನು ಆ ಬೆಲೆಗೆ ತಾನಿಟ್ಟುಕೊಳ್ಳಬೇಕು ಇಲ್ಲವೆ ಬಿಟ್ಟುಕೊಡಬೇಕು. ಬೆಲೆಯ ಮಾತು ಮುಗಿಯುವವರೆಗೆ ಎಮ್ಮೆ ಮಾತ್ರ ಕೊಟ್ಟವನ ಕೊಟ್ಟಿಗೆಯ ದಾವಣಿಯಲ್ಲಿರಬೇಕು. ಇಲ್ಲದಿದ್ದರೆ ಸಾಕಿದವನು ಹಾಲನ್ನೆಲ್ಲ ಹಿಂಡಿ ಬರಿಗೆಚ್ಚಲು ತೋರಿಸುತ್ತಾನೆ ಎಂಬ ಅನುಮಾನ. ಎಮ್ಮೆಗೆ ಇದೆಲ್ಲ ಸರಿ. ಕ್ಯಾಮೆರಾಕ್ಕೂ ಇದೇ ಕಾಯಿದೆ ಹಚ್ಚಿದ ಮಹಾನುಭಾವರು ಶ್ರೀಪಾಲ ಮತ್ತು ನಬಿಸಾಬ. ಕೈಗೆ ಕೈ ತಟ್ಟಿ, ಚಹಾ ಕುಡಿದು, ವ್ಯವಹಾರ ಮುಗಿಸಿದರು. ಕ್ಯಾಮೆರಾ ಹಿಡಿಯಬೇಕಾದವಳನ್ನು ಯಾರೂ ಕೇಳಲಿಲ್ಲ.

ಕೇಳದಿದ್ದರೆ ಹಾಳಾಗಲಿ, ಕ್ಯಾಮೆರಾ ಮಾತ್ರ ಕೈಯಲ್ಲಿ ನಿಂತಿತು. ಅದಕ್ಕೆ ಫ್ಲ್ಯಾಶ್ ಬೇಕಿರಲಿಲ್ಲ. ನಡುಮನೆಯ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಬಿದ್ದರೆ ಸಾಕು, ಹುಡುಗಿಯ ಮುಖ, ಮೂಗಿನ ನತ್ತು, ಕಣ್ಣಿನೊಳಗಿನ ಅಂಜಿಕೆ ಎಲ್ಲವನ್ನೂ ಹಿಡಿಯುತ್ತಿತ್ತು. ಸಪ್ಪಳ ಕೂಡ ಬೆರಳು ಮುರಿದಷ್ಟೇ. ಚಿಕ್ಕೋಡಿ, ಹಾರೂಗೇರಿ, ಅಥಣಿಯ ತನಕ ಹಾಜಿರಾಬಿಗೆ ಕರೆ ಬರತೊಡಗಿತು. ಬುರ್ಖಾದೊಳಗೆ ಕ್ಯಾಮೆರಾ ಅಪ್ಪಿಕೊಂಡು ಬಸ್ಸಿನಲ್ಲಿ ಕುಳಿತಾಗ, ಯಾವ ಊರಿನಲ್ಲಿಳಿದರೂ ನನಗೊಂದು ಒಳಬಾಗಿಲು ತೆರೆದಿದೆ ಎಂದು ಅವಳಿಗೆ ಹೆಮ್ಮೆಯೆನಿಸುತ್ತಿತ್ತು. ಇಷ್ಟು ಹೆಮ್ಮೆ ಅವಳಿಗೆ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ.

ಊರೊಳಗಿನ ಮನೆಗಳಿಗೆ ಸಾವಿತ್ರೆವ್ವ ತಪ್ಪದೆ ಜೊತೆಗೆ ಬರುತ್ತಿದ್ದಳು. ಅದೊಂದು ದೊಡ್ಡ ಪೀಡೆ. ಹುಡುಗಿ ಸರಿಯಾಗಿ ಕುಳಿತಳು, ಬೆಳಕು ಸರಿಯಾಗಿ ಬಿತ್ತು ಎಂದು ಹಾಜಿರಾಬಿ ಗುಂಡಿ ಒತ್ತುವಷ್ಟರಲ್ಲಿ ಬದಿಯಿಂದ ಮುದುಕಿಯ ಕೈ ಬಂದೇಬಿಡುತ್ತಿತ್ತು. ಗದ್ದ ಎತ್ತಲು, ಸೆರಗು ಸರಿಪಡಿಸಲು, ಮುಂಗೂದಲು ತೀಡಲು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ತನಕ ಬೆಲ್ಲದ ಪಾಕ ಸಿಡಿದು ಸುಟ್ಟ ಕಲೆಯಿದ್ದ ಕೈ.

“ಸಾವಿತ್ರೆವ್ವಾ, ಕೈ ತಗೀರಿ!”

“ಗದ್ದ ಬಿದ್ದೈತಿ ಬೇ ಹುಡುಗೀದು. ಬಿದ್ದ ಗದ್ದ ನೋಡಿ ಯಾರು ಮಾಡ್ಕೋತಾರ?”

“ನಿಮ್ಮ ಕೈ ನೋಡಿ ಮಾಡ್ಕೋತಾರೇನ್ರಿ? ತಗೀರಿ ಅಂದ್ರ!”

ಎಷ್ಟು ರೀಲು ಹಾಳಾದವೋ. ಒಂದು ಸಲ ಹಾಜಿರಾಬಿ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ಬಗ್ಗಿದ್ದಾಗ ಅವಳದೇ ತಲೆಯ ಸೆರಗು ಜಾರಿತು. ಮುದುಕಿ ಎದುರಿನಿಂದಲೇ ಬಂದು ಸೆರಗು ಎಳೆಯಲು ಕೈ ಚಾಚಿದಳು, ಬೆರಳು ಗುಂಡಿ ಒತ್ತಿಬಿಟ್ಟಿತ್ತು. “ಫೋಟೋ ತಗಿಯಾಕಿ ಚಂದ ಕಾಣಬಾರದಂತ ಎಲ್ಲಿ ಬರದೈತಿ?” ಎಂದು ನಗಾಡಿದಳು ಮುದುಕಿ. ಹಾಜಿರಾಬಿ ಬಾಯಿಗೆ ಬಂದ ಬೈಗುಳ ನುಂಗಿಕೊಂಡಳು. ನಿಮ್ಮದೊಂದು ತೆಗೆಯುತ್ತೇನೆ ಎಂದರೆ ಮಾತ್ರ ಸಾವಿತ್ರೆವ್ವ ಒಪ್ಪುತ್ತಿರಲಿಲ್ಲ. “ಊರ ಹುಡುಗ್ಯಾರದೆಲ್ಲ ಮುಗೀಲಿ, ಕಡೀಕ ನಂದು.”

ಹೀಗಿರುವಾಗ ಆ ಹಾಳು ಸುದ್ದಿ ಬಂತು.

ರಾಜಾರಾಮನ ಹೊಟೇಲಿಗೆ ಕೊಲ್ಲಾಪುರದಿಂದ ಮರಾಠಿ ಪೇಪರು ಬರುತ್ತಿತ್ತು. ಒಳಪುಟದ ಮೂಲೆಯಲ್ಲಿ, ಜಮೀನಿನ ಉತಾರೆಯ ಜಾಹೀರಾತಿನ ಕೆಳಗೆ, ನಾಲ್ಕೇ ಸಾಲು. ಜರ್ಮನಿಯ ಹೆಸರಾಂತ ಹೆಲ್ಮರ್ ಕಂಪನಿಯ ಐವತ್ತೊಂದು ಟಕ್ಕೆ, ಅಂದರೆ ನೂರಕ್ಕೆ ಐವತ್ತೊಂದು ಪಾಲು ಪರರಾಷ್ಟ್ರದ ಒಂದು ದೊಡ್ಡ ಸಂಸ್ಥೆಗೆ ಹೋಗುವ ಸಂಭವವಿದೆ ಎಂದು ತಿಳಿಯುತ್ತದೆ. ಸಂಭವವಂತೆ, ತಿಳಿಯುತ್ತದಂತೆ. ರಾಜಾರಾಮ ಅದನ್ನು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದ್ದೇ ತಡ, ಹೊಟೇಲಿಗೆ ಹೊಟೇಲೇ ಎದ್ದು ಕುಳಿತಿತು. ನಮ್ಮ ಶ್ರೀಪಾಲಣ್ಣನ ಕ್ಯಾಮೆರಾದ ಕಂಪನಿ!

“ಗಡಿಯಾರ ಮಾಡೋ ಸ್ವಿಸ್ ಮಂದಿನ ತಗೊಳ್ಳೋದು. ಅವರಿಗೆ ಸಣ್ಣ ಕೆಲಸ ಬರತೈತಿ” ಎಂದ ಒಬ್ಬ.

“ಜಪಾನದವರು ಬಿಡ್ತಾರೇನಲೇ? ರೇಡಿಯೋ ಅವರದು, ಮೋಟರ್ ಸೈಕಲ್ ಅವರದು” ಎಂದ ಇನ್ನೊಬ್ಬ.

ಐವತ್ತೊಂದು ಟಕ್ಕೆಯ ಮೇಲೆ ಬೇರೆಯೇ ಜಗಳ. ಐವತ್ತೊಂದು ಇದ್ದವನದೇ ಎಲ್ಲ ಅಧಿಕಾರ ಎಂದು ರಾಜಾರಾಮ ತಿಳಿಹೇಳಿದರೆ, ಎಮ್ಮೆ ಪಾಲಿಗೆ ಹಚ್ಚಿ ಬೆಳೆದ ಮಂದಿಗೆ ಅದು ತಲೆಗೆ ಹೋಗಲಿಲ್ಲ. “ಒಂದು ಹನಿ ಹಾಲು ಹೆಚ್ಚು ಹಿಂಡಿಕೊಂಡಾಂವ ಇಡೀ ಎಮ್ಮಿ ಮಾಲಕ ಹೆಂಗ ಆಗ್ತಾನ್ರಿ? ಇದು ಯಾವ ಸೀಮಿ ನ್ಯಾಯ?” ಎಂದು ಜರ್ಮನಿಯವರ ಪರವಾಗಿ ಸದಲಗಾದಲ್ಲಿ ಕಣ್ಣು ಕೆಂಪಾದವು.

ಮನೆಗೆ ಬಂದ ನಬಿಸಾಬನ ಕಾಲು ನೆಲದ ಮೇಲಿರಲಿಲ್ಲ. “ಮಾಲಕ ಬದಲಾದ ಅಂದ್ರ ಅಂಥಾ ಮಾಲು ಮತ್ತ ಹುಟ್ಟಂಗಿಲ್ಲ. ಇದ್ದದ್ದಕ್ಕ ಬಂಗಾರದ ಬೆಲಿ ಬರತೈತಿ. ಶ್ರೀಪಾಲ ಪಾಲು ಮುರಿಯೂನು ಅಂದಾನ. ನಾನೂ ಹೂಂ ಅಂದೀನಿ.”

ಹಾಜಿರಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹೂಂ ಅಂದ್ರಿ? ನನ್ನ ಕೇಳದಽ?”

“ಅರ್ಧ ನಮ್ಮದಽ ಐತಲ್ಲ. ಬೆಲಿ ಏರಿದ್ರ ನಮಗೂ ಏರಿದಂಗ.”

“ಅರ್ಧ ಕ್ಯಾಮೆರಾ ತಗೊಂಡು ಅರ್ಧ ಹುಡುಗೀದು ಫೋಟೋ ತಗೀಲೇನು ನಾ? ಪಾಣ್ಯಾತ ಮ್ಹೈಸ, ಬಾಹೇರ ಮೋಲ! ಎಮ್ಮಿ ಇನ್ನೂ ನೀರಾಗ ಐತಿ, ದಂಡಿ ಮ್ಯಾಲೆ ನಿಮ್ಮ ಬೆಲಿ ನಡದೈತಿ.”

ಆದರೆ ಕಾಯಿದೆ ಕಾಯಿದೆಯೇ. ಬೆಲೆಯ ಮಾತು ಮುಗಿಯುವ ತನಕ ಎಮ್ಮೆ ಕೊಟ್ಟವನ ದಾವಣಿಯಲ್ಲಿರಬೇಕು. ಶ್ರೀಪಾಲನ ದಾವಣಿ ಎಂದರೆ ಅವನ ಅಡತಿಯ ಕಬ್ಬಿಣದ ತಿಜೋರಿ. ಮೃಗಶಿರ ಮಳೆ ಹಿಡಿದ ದಿನ ನಬಿಸಾಬ ತಾನೇ ಕ್ಯಾಮೆರಾ ಒಯ್ದು ಒಪ್ಪಿಸಿ ಬಂದ. ಹಾಜಿರಾಬಿ ಬೆನ್ನ ಹಿಂದೆಯೇ ಹೋಗಿ, “ಅಣ್ಣಾರ, ಎಮ್ಮಿಗಾದ್ರ ದಾವಣ್ಯಾಗ ಹುಲ್ಲು ಹಾಕ್ತಾರ. ಇದಕ್ಕ ಗಾಳಿ ಬೇಕು, ಬಿಸಿಲು ಬೇಕು. ಮಳಿಗಾಲದಾಗ ಮುಚ್ಚಿಡಬ್ಯಾಡ್ರಿ” ಎಂದು ಹೇಳಿದಳು. ಶ್ರೀಪಾಲ ಕೆಟ್ಟವನಲ್ಲ, ಚಹಾ ತರಿಸಿದ. “ಬಂಗಾರಕ್ಕ ಬಿಸಿಲು ತೋರಿಸ್ತಾರೇನ ತಂಗಿ?” ಎಂದು ನಕ್ಕು, ಕ್ಯಾಮೆರಾಕ್ಕೆ ರೇಷ್ಮೆ ಬಟ್ಟೆ ಸುತ್ತಿ ಬೀಗ ಹಾಕಿದ.

ಬೆಲೆ ಕಟ್ಟಬೇಕಾದವನು ಅವನೇ. ಕಟ್ಟಲೇ ಇಲ್ಲ. ಹೇಗೆ ಕಟ್ಟಿಯಾನು? ಈ ವಾರ ಸ್ವಿಸ್‌ನವರು ಬಂದರು ಎಂದು ಬೆಲೆ ಏರುತ್ತಿತ್ತು, ಮುಂದಿನ ವಾರ ಹಿಂದೆ ಸರಿದರು ಎಂದು ಇಳಿಯುತ್ತಿತ್ತು. ಪೇಪರಿನಲ್ಲಿ ಸುದ್ದಿ ಇಲ್ಲದ ದಿನ ಹೊಟೇಲಿನಲ್ಲೇ ಹುಟ್ಟುತ್ತಿತ್ತು. ಕಾಗವಾಡದಿಂದ ಬಂದ ಯಾರೋ ಮಿರಜದ ರೈಲಿನಲ್ಲಿ ಯಾರೋ ಹೇಳಿದ್ದನ್ನು ಹೇಳಿದರೆ ಸಾಕು, ಶ್ರೀಪಾಲ ಮತ್ತೆ ಹದಿನೈದು ದಿನ ತಡೆಯುತ್ತಿದ್ದ. ನಬಿಸಾಬನಿಗೆ ಊರವರು “ಏನ್ರಿ ಜರ್ಮನಿ ಪಾಲುದಾರ್ರ” ಎನ್ನತೊಡಗಿದರು. ಆ ಪುಣ್ಯಾತ್ಮನಿಗೆ ಅದು ಚೇಷ್ಟೆ ಎಂದು ತಿಳಿಯಲಿಲ್ಲ. ಮೀಸೆ ತಿರುವಿದ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಹಾಜಿರಾಬಿ ಕಂಡಿದ್ದಳು. ಇವರು ಪರರ ಮನೆಯ ಬಸುರಿಗೆ ಕುಲಾವಿ ಹೊಲಿಸಲು ಕುಳಿತಿದ್ದರು.

ಅವಳು ಹಳೆಯ ಕ್ಯಾಮೆರಾ ಮತ್ತು ಫ್ಲ್ಯಾಶ್ ಹೊತ್ತು ತಿರುಗಿದಳು. ಮತ್ತೆ ಮುಚ್ಚಿದ ಕಣ್ಣು, ಸುಣ್ಣ ಬಳಿದಂಥ ಮುಖ. ಕರೆಗಳು ಒಂದೊಂದಾಗಿ ನಿಂತವು. ಹಾರೂಗೇರಿಯಲ್ಲಿ ಒಬ್ಬಳು ತಾಯಿ ಫೋಟೋ ನೋಡಿ, “ಮದಲಿನ ಕೈ ಉಳದಿಲ್ಲಬೇ ನಿಂದು” ಎಂದು ತಿರುಗಿಸಿ ಕೊಟ್ಟಳು. ಬಸ್ಸಿನಲ್ಲಿ ಬರುವಾಗ ಹಾಜಿರಾಬಿಗೆ ಅಳು ಬಂತು. ಅಳುವುದಕ್ಕಿಂತ ಹೆಚ್ಚಾಗಿ ಯಾರನ್ನಾದರೂ ಹಿಡಿದು ಬಡಿಯಬೇಕೆನಿಸಿತು.

ಭಾದ್ರಪದದಲ್ಲಿ ಸಾವಿತ್ರೆವ್ವನೇ ಹೇಳಿಕಳಿಸಿದಳು. ಚಿಕ್ಕೋಡಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಳು, ಜೈನರ ಪರ್ಯೂಷಣದ ಉಪವಾಸ ಮುಗಿಸಿ ಸೊರಗಿದ್ದಳು. ನಡುಮನೆಯಲ್ಲಿ ಬೆಳಕಿಂಡಿಯ ಕೆಳಗೆ ಕುಳಿತು, “ಹಾಜಿರಾ, ಈಗ ನಂದೊಂದು ತಗಿ. ಆದ್ರ ಆ ಮಿಂಚು ಹೊಡಿಯೋದು ಬ್ಯಾಡ, ಕಣ್ಣಿಗೆ ಆಗಂಗಿಲ್ಲ. ನಿನ್ನ ಆ ಸುಮ್ಮನ ತಗಿಯೋದು ತಗೊಂಡು ಬಾ” ಎಂದಳು.

“ಅದು ನಿಮ್ಮ ಮಗನ ತಿಜೋರ್ಯಾಗ ಐತಿ. ಒಂದು ಮಾತು ನೀವು ಹೇಳ್ರಲ್ಲ.”

ಮುದುಕಿಯ ಮುಖ ಬಿಗಿಯಿತು. “ಪಾಲು ಮಾಡಿದಾಂವ ಅಂವ, ನಡುವ ಬಾಯಿ ಹಾಕಾಕಿ ಅಲ್ಲ ನಾ. ಫೋಟೋದ ಸಲುವಾಗಿ ಮಗನ ಮುಂದ ಕೈ ಒಡ್ಡಲೇನು? ನೀ ಕೇಳು, ನಿನಗ ಹಕ್ಕೈತಿ.”

ಹಕ್ಕು ಹಿಡಿದು ಹಾಜಿರಾಬಿ ಅಡತಿಗೆ ಹೋದಳು. ಶ್ರೀಪಾಲ ಗದ್ದುಗೆಯ ಮೇಲೆ ಕುಳಿತಿದ್ದ, ನಬಿಸಾಬ ಅವನ ಪಕ್ಕದಲ್ಲಿ ಕುಳಿತಿದ್ದ. ಒಂದು ತಾಸಿನ ಮಟ್ಟಿಗೆ ಕೊಡಿ, ನಿಮ್ಮ ತಾಯಿಯದೇ ಫೋಟೋ, ಮಿಂಚು ಹೊಡೆಯುವುದು ಬೇಡ ಅಂದಿದ್ದಾರೆ ಎಂದು ಅವಳು ಕೇಳಿದಳು.

“ಈ ವಾರ ಬ್ಯಾಡ ತಂಗಿ. ಜಪಾನದವರದು ಖಾತ್ರಿ ಆಗೂದೈತಿ. ಈಗ ಹೊರಗ ತಗದು ಎಲ್ಯರ ಒಂದು ಗೀರು ಬಿದ್ರ? ದೀಪಾವಳಿಗೆ ಪಾಲು ಮುರದ ಬಿಡೂನು, ಆಮ್ಯಾಲೆ ಹತ್ತು ಫೋಟೋ ತಗಿ. ಅವ್ವ ಎಲ್ಲಿ ಹೊಂಟಾಳ?”

ನಬಿಸಾಬ ತಲೆಯಾಡಿಸಿ, “ಬರೋಬ್ಬರಿ ಐತಿ” ಎಂದ. ಆ ಗಳಿಗೆಯಲ್ಲಿ ಹಾಜಿರಾಬಿ ಗಂಡನನ್ನು ನೋಡಿದ ನೋಟಕ್ಕೆ ತಿಜೋರಿಯ ಬೀಗ ಕರಗಬೇಕಿತ್ತು. ಕರಗಲಿಲ್ಲ.

ದೀಪಾವಳಿಗೆ ಇನ್ನೂ ದಿನಗಳಿದ್ದಾಗಲೇ, ಒಂದು ಮುಂಜಾನೆ ಬಚ್ಚಲಿನಿಂದ ಎದ್ದು ಬಂದ ಸಾವಿತ್ರೆವ್ವ ನಡುಮನೆಯ ಕಂಬಕ್ಕೊರಗಿ ಕುಳಿತವಳು ಏಳಲಿಲ್ಲ.

ಶ್ರೀಪಾಲ ತಲೆ ಬೋಳಿಸಿಕೊಳ್ಳುವ ಮುಂಚೆಯೇ ತಿಜೋರಿ ತೆರೆದ. ರೇಷ್ಮೆ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತಂದು ಹಾಜಿರಾಬಿಯ ಮುಂದಿಟ್ಟು, “ತಗಿ ತಂಗಿ. ಹಿಂಗಽ ಇದ್ದಂಗ ಒಂದು ತಗಿ. ಅವ್ವಂದು ಒಂದೂ ಇಲ್ಲ” ಎಂದ. ಹಾಜಿರಾಬಿ ಕ್ಯಾಮೆರಾದ ಕಣ್ಣು ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದಳು. ಗಾಜಿನ ಒಳಗೆ ಅಂಚಿನಿಂದ ನಡುವಿನವರೆಗೆ ಬೂಷ್ಟು ಬೆಳೆದಿತ್ತು, ಹಳೆಯ ಉಪ್ಪಿನಕಾಯಿಯ ಮೇಲೆ ಬೆಳೆಯುವ ಹಾಗೆ. ಇಡೀ ಮಳೆಗಾಲ ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ರೇಷ್ಮೆ ಸುತ್ತಿಟ್ಟ ಫಲ. ಅವಳು ಅದನ್ನು ಶ್ರೀಪಾಲನ ಕಣ್ಣಿಗೆ ಹಿಡಿದಳು. ಅವನು ಅದರ ಮೂಲಕ ತನ್ನ ತಾಯಿಯನ್ನು ನೋಡಿದ. ಬಿಳಿಯ ಮಬ್ಬು ಬಿಟ್ಟು ಏನೂ ಕಾಣಲಿಲ್ಲ.

“ಬ್ಯಾರೇದರಾಗ ತಗೀತೇನಿ, ಮಿಂಚು ಹೊಡದು. ತಗೀಲೇನ್ರಿ?” ಎಂದು ಹಾಜಿರಾಬಿ ಕೇಳಿದಳು. ಕೇಳಿದಾಗ ಅವಳಿಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಹಲ್ಲು ಕಡಿಯುತ್ತಿದ್ದಳು.

ಶ್ರೀಪಾಲ ತಲೆ ಅಲ್ಲಾಡಿಸಿದ. “ಬ್ಯಾಡ. ಅವ್ವ ಬ್ಯಾಡಂದಿದ್ಳು.”

ದಿನಕರ್ಮಗಳೆಲ್ಲ ಮುಗಿದ ಮೇಲೆ ಅವನು ಸ್ಟುಡಿಯೋಕ್ಕೆ ಬಂದ. ಯಾವುದಾದರೂ ಮದುವೆ, ಯಾವುದಾದರೂ ಗುಂಪಿನಲ್ಲಿ ಅವ್ವ ನಿಂತಿರಬಹುದಲ್ಲ, ಹುಡುಕು ಎಂದ. ಹಾಜಿರಾಬಿ ಹಳೆಯ ನೆಗೆಟಿವ್‌ಗಳನ್ನೆಲ್ಲ ಕಿಟಕಿಗೆ ಹಿಡಿದು ನೋಡಿದಳು. ಮುಖ ಎಲ್ಲಿಯೂ ಇಲ್ಲ. ಕೈ ಮಾತ್ರ ಎಲ್ಲೆಲ್ಲಿಯೂ ಇತ್ತು. ಒಂದರಲ್ಲಿ ಯಾರದೋ ಗದ್ದದ ಕೆಳಗೆ, ಇನ್ನೊಂದರಲ್ಲಿ ಯಾರದೋ ನೆತ್ತಿಯ ಮೇಲೆ, ಮತ್ತೊಂದರಲ್ಲಿ ಸೀರೆಯ ನಿರಿಗೆ ಹಿಡಿದು. ಹಾಳಾದವು ಎಂದು ಮುದ್ರಿಸದೆ ಬಿಟ್ಟ ಚಿತ್ರಗಳು ಅವೆಲ್ಲ. ತಾನು ಬೈದು ಬೈದು ತೆಗೆಸಿದ ಕೈ. ಕಡೆಗೆ ಅವಳದೇ ಸೆರಗಿಗೆ ಚಾಚಿದ್ದ ಆ ಒಂದು ಸಿಕ್ಕಿತು. ಬೆಳಕಿಂಡಿಯ ಕೆಳಗೆ ಅಂಗೈ ಬಿಡಿಸಿಕೊಂಡು ನೇರ ಎದುರಿಗೆ ಬರುತ್ತಿರುವ ಕೈ, ಬೆಲ್ಲದ ಸುಟ್ಟ ಕಲೆ, ಬೆರಳ ಗೆಣ್ಣಿನ ಗೆರೆಗಳು ಒಂದೂ ಬಿಡದೆ ಮೂಡಿದ್ದವು. ಹಾಜಿರಾಬಿ ಅದನ್ನು ಹಿಡಿದುಕೊಂಡು ಅತ್ತಳು.

ನಬಿಸಾಬ ಬಂದು ನೋಡಿದ. ಆ ದಿನ ಮಾತ್ರ ಅವನು ಜರ್ಮನಿಯ ಮಾತಾಡಲಿಲ್ಲ. ಕತ್ತಲೆ ಕೋಣೆಗೆ ಹೋಗಿ, ನಾಲ್ಕಾರು ಕಾಗದ ಕೆಡಿಸಿ, ಕಡೆಗೆ ಒಂದು ದೊಡ್ಡ ಚಿತ್ರ ತೆಗೆದುಕೊಂಡು ಹೊರಗೆ ಬಂದ. ಏನೇ ಅನ್ನಿ, ಆ ಕೆಲಸ ಅವನಿಗೆ ಬರುತ್ತಿತ್ತು.

ಶ್ರೀಪಾಲ ಅದನ್ನು ಕಟ್ಟು ಹಾಕಿಸಿ ಅಡತಿಯಲ್ಲಿ ತಿಜೋರಿಯ ಮೇಲೆ ತೂಗುಹಾಕಿದ. ಗಂಧದ ಹಾರ ಹಾಕಿದ. ಬೆಲ್ಲ ತಂದ ರೈತರು ಮೊದಲು ತಲೆ ಕೆರೆದುಕೊಂಡರು. ಸುಟ್ಟ ಕಲೆ ಕಂಡ ಹಳಬರು ಚಪ್ಪಲಿ ಹೊರಗೆ ಬಿಟ್ಟರು. ಪಾಲಿನ ಮಾತನ್ನು ಶ್ರೀಪಾಲ ಮತ್ತೆ ಎತ್ತಲಿಲ್ಲ. ಕ್ಯಾಮೆರಾವನ್ನು ತಾನೇ ತಂದು ಹಾಜಿರಾಬಿಯ ಮನೆಯ ಕಟ್ಟೆಯ ಮೇಲಿಟ್ಟು, “ಬೆಲಿ ಕಟ್ಟೂ ಯೋಗ್ಯತಾ ನನಗ ಇಲ್ಲ” ಎಂದು ಹೋದ.

ಚಳಿಗಾಲದಲ್ಲಿ ರಾಜಾರಾಮ ಪೇಪರಿನಲ್ಲಿ ಇನ್ನೆರಡು ಸಾಲು ಓದಿದ. ಪಾಲು ಮಾರುವ ವಿಚಾರ ನಮಗೆ ಇರಲೇ ಇಲ್ಲ, ಅದೆಲ್ಲ ಗಾಳಿಮಾತು ಎಂದು ಹೆಲ್ಮರ್ ಕಂಪನಿಯವರು ತಿಳಿಸಿದ್ದರು. ಹೊಟೇಲಿನ ಮಂದಿ ಅದನ್ನೂ ನಂಬಲಿಲ್ಲ. “ಹಂಗ ಅಂತಾರ, ಒಳಗ ಏನೋ ನಡದೈತಿ” ಎಂದು ಇನ್ನೊಂದು ಚಹಾ ಹೇಳಿದರು.

ಕೊಲ್ಲಾಪುರದಲ್ಲಿ ಗಾಜು ತೊಳೆಸಿಕೊಂಡು ಬಂದರೂ ಒಂದು ಮೂಲೆಯ ಮಬ್ಬು ಹೋಗಲಿಲ್ಲ. ಆ ಮೂಲೆಗೆ ಮುಖ ಬಾರದ ಹಾಗೆ ನೋಡಿಕೊಂಡು ಹಾಜಿರಾಬಿ ಮತ್ತೆ ಕೆಲಸ ಹಿಡಿದಳು. ಸಂಕ್ರಾಂತಿ ಕಳೆದ ಮೇಲೆ ಓಣಿಯ ತಾರವ್ವನ ಮಗಳಿಗೆ ವರ ನೋಡತೊಡಗಿದರು. ನಡುಮನೆ, ಬೆಳಕಿಂಡಿ, ಹೊಸ ಸೀರೆ. ಹುಡುಗಿ ನಾಚಿಕೊಂಡು ಗದ್ದ ಇಳಿಸಿದಳು. ಹಾಜಿರಾಬಿ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ, ಗುಂಡಿಯ ಮೇಲೆ ಬೆರಳಿಟ್ಟು, ರೂಢಿಯಂತೆ ಕಾದಳು.

“ಸಾವಿತ್ರೆವ್ವಾ, ಕೈ ತಗೀ…”

ಹಾಜಿರಾಬಿ ಕ್ಯಾಮೆರಾ ಕೆಳಗಿಟ್ಟು ಎದ್ದಳು. ಹುಡುಗಿಯ ಹತ್ತಿರ ಹೋಗಿ, ತನ್ನ ಕೈಯಿಂದಲೇ ಗದ್ದ ಎತ್ತಿ, ಸೆರಗು ಸರಿಮಾಡಿ, ತಿರುಗಿ ಬಂದು ಕುಳಿತು ಫೋಟೋ ತೆಗೆದಳು.